ಶಿಖರ ಬಿಟ್ಟು ಕಣಿವೆ ಹಿಡಿದೆವು: ಅಕ್ಟೋಬರ್‌ನ ಆಲ್ಪ್ಸ್‌ಗೆ ನಾವಿಬ್ಬರೂ ತಯಾರಾದ ಬಗೆ

ಅಕ್ಟೋಬರ್‌ನಲ್ಲಿ ಆಲ್ಪ್ಸ್‌ಗೆ ಹೋಗ್ತೀವಿ ಅಂದಾಗ ನೆಂಟರು, ಸ್ನೇಹಿತರು ಕೇಳಿದ್ದು ಹೆಚ್ಚುಕಡಿಮೆ ಒಂದೇ ಮಾತು. ಬೇಸಿಗೆಯ ಹೂವೂ ಇರಲ್ಲ, ಚಳಿಗಾಲದ ಹಿಮವೂ ಇರಲ್ಲ, ನಡುವೆ ಹೋಗಿ ಏನು ನೋಡ್ತೀರಿ? ನನಗೆ ನೋಡಬೇಕಿದ್ದದ್ದು ಒಂದು ಮರ. ಲಾರ್ಚ್ ಮರ. ಪೈನ್, ಫರ್ ಮೊದಲಾದ ಸೂಜಿ ಎಲೆಯ ಮರಗಳು ವರ್ಷವಿಡೀ ಹಸಿರಾಗಿಯೇ ಇರುತ್ತವೆ. ಯುರೋಪಿನ ಕಾಡುಗಳಲ್ಲಿ ಸಹಜವಾಗಿ ಬೆಳೆಯುವ ಇಂಥ ಮರಗಳಲ್ಲಿ ಚಳಿಗಾಲಕ್ಕೆ ಎಲೆ ಉದುರಿಸುವುದು ಲಾರ್ಚ್ ಮಾತ್ರ. ಉದುರಿಸುವ ಮೊದಲು ಒಂದೆರಡು ವಾರ ಇಡೀ ಮರ ಹಳದಿಗೆ, ಆಮೇಲೆ ಬಂಗಾರದ ಬಣ್ಣಕ್ಕೆ ತಿರುಗುತ್ತದೆ. ಸ್ವಿಟ್ಜರ್ಲೆಂಡ್‌ನ ಮೇಲಿನ ಎಂಗಾಡಿನ್ ಕಣಿವೆಯಲ್ಲಿ ಇದು ಅಕ್ಟೋಬರ್ ಮಧ್ಯದ ಆಸುಪಾಸು ನಡೆಯುತ್ತದೆ.

ನನ್ನ ಗಂಡನಿಗೆ ಬೇಕಿದ್ದದ್ದು ರೈಲು. ಬರ್ನಿನಾ ಮಾರ್ಗದ ಬಗ್ಗೆ ಅವರು ಓದುತ್ತಾ ಬಂದು ಎಷ್ಟೋ ವರ್ಷ ಆಗಿತ್ತು. ಅದೂ ಎಂಗಾಡಿನ್‌ನಲ್ಲೇ ಇದೆ. ಹಾಗಾಗಿ ಎಲ್ಲಿಗೆ ಎನ್ನುವ ಚರ್ಚೆ ಬೇಗ ಮುಗಿಯಿತು. ಯಾವಾಗ ಎನ್ನುವುದನ್ನು ಹಬ್ಬಗಳೇ ತೀರ್ಮಾನಿಸಿದವು. 2025ರಲ್ಲಿ ವಿಜಯದಶಮಿ ಅಕ್ಟೋಬರ್ 2ಕ್ಕೇ ಬಿದ್ದಿತ್ತು. ನರಕ ಚತುರ್ದಶಿ 20ಕ್ಕೆ. ದಸರಾ ಮುಗಿಸಿ ಹೊರಟು ದೀಪಾವಳಿಯ ಎಣ್ಣೆ ಸ್ನಾನಕ್ಕೆ ಮನೆಯಲ್ಲಿರಬೇಕು ಅನ್ನುವುದು ಅತ್ತೆಯವರ ಒಂದೇ ಷರತ್ತು. ನಡುವೆ ಸಿಕ್ಕ ಎರಡು ವಾರ ಲಾರ್ಚ್ ಬಣ್ಣ ಕಟ್ಟುವ ಸಮಯಕ್ಕೆ ಸರಿಯಾಗಿ ಕೂತಿತು. ಎಲ್ಲಾ ವರ್ಷ ಹೀಗಾಗುವುದಿಲ್ಲ.

ನಿಜವಾದ ಕೆಲಸ ಶುರುವಾಗಿದ್ದು ಆಮೇಲೆ. ಆಲ್ಪ್ಸ್‌ನಲ್ಲಿ ಅಕ್ಟೋಬರ್ ಅಂದರೆ ಬಾಗಿಲು ಹಾಕುವ ತಿಂಗಳು. ಎತ್ತರದ ಪರ್ವತ ವಸತಿಗಳು ಸೆಪ್ಟೆಂಬರ್ ಕೊನೆಯಿಂದಲೇ ಮುಚ್ಚುತ್ತಾ ಬರುತ್ತವೆ. ಕೇಬಲ್ ಕಾರ್‌ಗಳನ್ನು ಸ್ಕೀ ಕಾಲ ಶುರುವಾಗುವ ಮೊದಲು ನಿಲ್ಲಿಸಿ ರಿಪೇರಿ, ತಪಾಸಣೆ ಮಾಡುತ್ತಾರೆ. ಕೆಲವು ಅಕ್ಟೋಬರ್ ಮಧ್ಯಕ್ಕೇ ನಿಲ್ಲುತ್ತವೆ, ಇನ್ನು ಕೆಲವು ತಿಂಗಳ ಕೊನೆಗೆ. ದೊಡ್ಡ ಹೋಟೆಲ್‌ಗಳೂ ಇದೇ ಸಮಯಕ್ಕೆ ಮುಚ್ಚಿ ಡಿಸೆಂಬರ್‌ನಲ್ಲಿ ತೆರೆಯುತ್ತವೆ. ಎತ್ತರದ ರಸ್ತೆಗಳಲ್ಲಿ ಬಸ್ಸು ಕಡಿಮೆಯಾಗುತ್ತದೆ. ಇದು ಯಾವುದೂ ಪ್ರವಾಸದ ವಿಡಿಯೋಗಳಲ್ಲಿ ಗೊತ್ತಾಗಲ್ಲ, ಯಾಕೆಂದರೆ ಅವುಗಳಲ್ಲಿ ಹೆಚ್ಚಿನವು ಜುಲೈ, ಆಗಸ್ಟ್‌ನಲ್ಲಿ ತೆಗೆದವು. ಹಾಗಾಗಿ ನೋಡಬೇಕಾದ ಜಾಗಗಳ ಪಟ್ಟಿಗಿಂತ ಮೊದಲು ನಾವು ಮಾಡಿದ್ದು ಮುಚ್ಚುವ ದಿನಗಳ ಪಟ್ಟಿ. ಒಂದೊಂದು ಕೇಬಲ್ ಕಾರ್‌ನ ಕೊನೆಯ ದಿನ ಯಾವುದು, ಒಂದೊಂದು ಹೋಟೆಲ್ ಎಲ್ಲಿಯವರೆಗೆ ತೆರೆದಿರುತ್ತೆ ಅಂತ ಅವರವರ ವೆಬ್‌ಸೈಟ್‌ನಲ್ಲೇ ನೋಡಿ ಬರೆದುಕೊಂಡೆವು. ಗೊತ್ತಾಗದ ಕಡೆ ಇಮೇಲ್ ಬರೆದೆವು.

ಈ ಪಟ್ಟಿ ಮುಂದಿಟ್ಟುಕೊಂಡು ಕೂತಾಗಲೇ ಯುಂಗ್‌ಫ್ರಾವ್ ಶಿಖರದ ಮಾತು ಬಂದದ್ದು. ಸ್ವಿಟ್ಜರ್ಲೆಂಡ್‌ಗೆ ಹೋಗಿ ಯುಂಗ್‌ಫ್ರಾವ್ ನೋಡದೆ ಬರ್ತೀರಾ ಅಂತ ಕೇಳದವರಿಲ್ಲ. 3,454 ಮೀಟರ್ ಎತ್ತರದಲ್ಲಿ ರೈಲು ನಿಲ್ದಾಣ ಅಂದರೆ ನನ್ನ ಗಂಡನಿಗೂ ಆಸೆ ಇದ್ದೇ ಇತ್ತು. ಆದರೆ ಅದಕ್ಕಾಗಿ ದೇಶದ ಇನ್ನೊಂದು ಮೂಲೆಗೆ ಹೋಗಬೇಕು. ಮೇಲೆ ಮೋಡ ಕವಿದರೆ ಅಷ್ಟು ದುಡ್ಡು ಕೊಟ್ಟೂ ಬಿಳಿ ಗೋಡೆ ನೋಡಿ ಬರಬೇಕು.

"ರೀ, ಅದು ವರ್ಷವಿಡೀ ತೆರೆದಿರುತ್ತೆ. ಯಾವಾಗ ಬೇಕಾದ್ರೂ ಹೋಗಬಹುದು. ಈ ಮರ ಹೀಗಿರೋದು ಎರಡೇ ವಾರ," ಅಂದೆ.

ಅವರು ಸ್ವಲ್ಪ ಹೊತ್ತು ಮ್ಯಾಪ್ ನೋಡಿದರು. "ಹಾಗಾದ್ರೆ ಮೇಲಿನದು ಯಾವುದೂ ಬೇಡ ಕಣೇ. ಈ ಸಲ ಕೆಳಗೇ ಇರೋಣ."

ಆ ಒಂದು ಮಾತಿನಿಂದ ಇಡೀ ಪ್ಲಾನ್ ಹಗುರವಾಯಿತು. ಶರತ್ಕಾಲದಲ್ಲಿ ಮುಚ್ಚುವುದೆಲ್ಲ ಮೇಲೆ. ಕಣಿವೆಗಳಲ್ಲಿ ಬದುಕು ನಡೆಯುತ್ತಲೇ ಇರುತ್ತದೆ. ಸೇಬು ಕೀಳುತ್ತಿರುತ್ತಾರೆ, ದ್ರಾಕ್ಷಿ ಹಿಂಡುತ್ತಿರುತ್ತಾರೆ, ಊರಿನ ರೈಲು, ಬಸ್ಸು ಜನರಿಗಾಗಿ ಓಡುತ್ತಲೇ ಇರುತ್ತವೆ. ಮರದ ಬಣ್ಣ ಇರುವುದೂ ಅಲ್ಲೇ. ನನ್ನ ಗಂಡನ ಮಂಡಿಗೂ ಇದೇ ಸರಿ. ಏರು ಹತ್ತಲು ಅವರಿಗೆ ತೊಂದರೆಯಿಲ್ಲ, ಇಳಿಜಾರಿನಲ್ಲಿ ನೋವು ಶುರುವಾಗುತ್ತದೆ.

ಯಾವ ಕಣಿವೆ ಎನ್ನುವುದಕ್ಕೆ ನಾನು ಮಳೆಯ ಲೆಕ್ಕ ನೋಡಿದೆ. ಆಲ್ಪ್ಸ್‌ನ ಉತ್ತರ ಅಂಚು, ದಕ್ಷಿಣ ಅಂಚು ಎರಡೂ ಮಳೆ ಹಿಡಿಯುತ್ತವೆ. ನಡುವೆ ಸಿಕ್ಕಿಕೊಂಡ ಒಳ ಕಣಿವೆಗಳು ಒಣಗಿರುತ್ತವೆ. ಆಗುಂಬೆಯಲ್ಲಿ ಸುರಿಯುವ ಮೋಡ ಚಿತ್ರದುರ್ಗಕ್ಕೆ ಬರುವಷ್ಟರಲ್ಲಿ ಬರಿದಾಗಿರುತ್ತದಲ್ಲ, ಹಾಗೆ. ಇಟಲಿಯ ವಿನ್ಶ್‌ಗೌ ಕಣಿವೆ ಆಲ್ಪ್ಸ್‌ನ ತೀರಾ ಒಣ ಕಣಿವೆಗಳಲ್ಲಿ ಒಂದು. ಅದಕ್ಕೆ ತಾಗಿಕೊಂಡೇ ಎಂಗಾಡಿನ್ ಇದೆ. ಅಕ್ಟೋಬರ್‌ನಲ್ಲಿ ಜ್ಯೂರಿಕ್ ಕಡೆಯ ತಗ್ಗು ಪ್ರದೇಶದಲ್ಲಿ ಮಂಜು ಕವಿದು ದಿನಗಟ್ಟಲೆ ಬಿಸಿಲೇ ಕಾಣದಿದ್ದಾಗಲೂ ಮೇಲಿನ ಈ ಕಣಿವೆಗಳಲ್ಲಿ ಬಿಸಿಲಿರುವುದು ಸಾಮಾನ್ಯ. ಎರಡೂ ಕಣಿವೆಗಳ ವೆಬ್‌ಕ್ಯಾಮ್ ಇವೆ. ಸೆಪ್ಟೆಂಬರ್ ಪೂರ್ತಿ ರಾತ್ರಿ ಊಟ ಆದಮೇಲೆ ನಾವು ನೋಡುತ್ತಿದ್ದದ್ದು ಅವುಗಳನ್ನೇ. ಬೆಂಗಳೂರಿನಲ್ಲಿ ಮಳೆ ಬೀಳುತ್ತಿರುವಾಗ ಅಲ್ಲಿನ ಇಳಿಜಾರು ಹಸಿರಾಗಿಯೇ ಇದೆಯಾ, ತುದಿಯಲ್ಲಿ ಹಳದಿ ಕಾಣ್ತಿದೆಯಾ ಅಂತ ನೋಡುವುದು ಒಂದು ಅಭ್ಯಾಸವೇ ಆಗಿಹೋಯಿತು.

ಮೊದಲು ಹಾಕಿದ ದಾರಿ ಎಲ್ಲರೂ ಹಾಕುವಂಥದ್ದೇ. ಜ್ಯೂರಿಕ್‌ನಲ್ಲಿ ಇಳಿದು, ಎಂಗಾಡಿನ್ ನೋಡಿ, ಇಟಲಿಗೆ ದಾಟಿ, ಮ್ಯೂನಿಕ್‌ನಿಂದ ವಾಪಸ್. ಮುಚ್ಚುವ ಪಟ್ಟಿ ಪಕ್ಕದಲ್ಲಿಟ್ಟು ನೋಡಿದಾಗ ಅದನ್ನು ತಿರುಗಿಸುವುದೇ ಸರಿ ಅನ್ನಿಸಿತು. ಅಕ್ಟೋಬರ್ ಮೊದಲ ವಾರ ಎಂಗಾಡಿನ್‌ನಲ್ಲಿ ಲಾರ್ಚ್ ಇನ್ನೂ ಪೂರ್ತಿ ಬಣ್ಣ ತಿರುಗಿರುವುದಿಲ್ಲ. ಇಟಲಿಯ ದಕ್ಷಿಣ ಟಿರೋಲ್ ಪ್ರಾಂತ್ಯದಲ್ಲಾದರೋ ಆಗ ದ್ರಾಕ್ಷಿ, ಸೇಬು, ಚೆಸ್ಟ್‌ನಟ್ ಎಲ್ಲ ಒಟ್ಟಿಗೆ ಬಂದಿರುತ್ತದೆ. ಹಾಗಾಗಿ ಮ್ಯೂನಿಕ್‌ನಲ್ಲಿ ಇಳಿದು ಇನ್ಸ್‌ಬ್ರುಕ್, ಬ್ರೆನ್ನರ್ ಮೂಲಕ ಬೊಲ್ಜಾನೋ. ಅಲ್ಲಿಂದ ಮೆರಾನೋ, ಮಾಲ್ಸ್ ದಾಟಿ ಬಸ್ಸಿನಲ್ಲಿ ಸ್ವಿಟ್ಜರ್ಲೆಂಡ್‌ನ ಜೆರ್ನೆಟ್ಸ್. ಕೊನೆಗೆ ಎಂಗಾಡಿನ್‌ನ ಪಾಂಟ್ರೆಸಿನಾದಲ್ಲಿ ಹೆಚ್ಚು ದಿನ ಉಳಿದು ಜ್ಯೂರಿಕ್‌ನಿಂದ ವಿಮಾನ. ಕಾರು ಬೇಡ ಅಂತ ಇಬ್ಬರೂ ಮೊದಲೇ ಒಪ್ಪಿದ್ದೆವು. ಕಾರಿದ್ದರೆ ಒಬ್ಬರಿಗೆ ರಸ್ತೆ ಮಾತ್ರ ಕಾಣುತ್ತದೆ, ಅಲ್ವಾ?

ವೀಸಾ ವಿಷಯದಲ್ಲಿ ತುಂಬಾ ಜನ ಗೊಂದಲ ಮಾಡಿಕೊಳ್ಳುವ ಒಂದು ಸಂಗತಿ ಹೇಳಿಬಿಡುತ್ತೇನೆ. ಯುರೋಪಿನ ಹಲವು ದೇಶಗಳಿಗೆ ಒಟ್ಟಿಗೆ ಸಿಗುವ ಷೆಂಗೆನ್ ವೀಸಾಕ್ಕೆ ಅರ್ಜಿ ಹಾಕಬೇಕಾದದ್ದು ಮೊದಲು ಇಳಿಯುವ ದೇಶಕ್ಕಲ್ಲ, ಹೆಚ್ಚು ದಿನ ಇರುವ ದೇಶಕ್ಕೆ. ಎರಡು ದೇಶದಲ್ಲಿ ಸಮ ಸಮ ಇದ್ದರೆ ಮಾತ್ರ ಮೊದಲು ಕಾಲಿಡುವ ದೇಶ ಲೆಕ್ಕಕ್ಕೆ ಬರುತ್ತದೆ. ನಾವು ಇಳಿಯುವುದು ಜರ್ಮನಿಯಲ್ಲಾದರೂ ಹೆಚ್ಚು ರಾತ್ರಿ ಸ್ವಿಟ್ಜರ್ಲೆಂಡ್‌ನಲ್ಲಿ ಇದ್ದದ್ದರಿಂದ ಅರ್ಜಿ ಹಾಕಿದ್ದು ಅಲ್ಲಿಗೆ. ಪ್ರಯಾಣಕ್ಕೆ 6 ತಿಂಗಳ ಮುಂಚಿನಿಂದ ಹಾಕಬಹುದು, 15 ದಿನಕ್ಕಿಂತ ತಡ ಮಾಡುವಂತಿಲ್ಲ. ವಯಸ್ಕರಿಗೆ ಶುಲ್ಕ 90 ಯೂರೋ. ಕನಿಷ್ಠ 30,000 ಯೂರೋ ವೈದ್ಯಕೀಯ ವಿಮೆ ಬೇಕು. ಬೇಸಿಗೆ ರಜೆಯ ನೂಕುನುಗ್ಗಲು ಕಳೆಯಲಿ ಅಂತ ಕಾಯದೆ ಬೇಗ ಅಪಾಯಿಂಟ್‌ಮೆಂಟ್ ಹಿಡಿದೆವು. ಹೋಟೆಲ್‌ಗಳನ್ನೆಲ್ಲ ರದ್ದು ಮಾಡಲು ಬರುವ ಹಾಗೆ ಬುಕ್ ಮಾಡಿದ್ದು ಒಳ್ಳೆಯದಾಯಿತು. ಬಣ್ಣ ಬೇಗ ಬಂದರೆ ಎರಡು ದಿನ ಆಚೆ ಈಚೆ ಮಾಡುವ ಅವಕಾಶ ಉಳಿಯಿತು.

ಇನ್ನು ರೈಲಿನ ಭಾಗ. ಇದು ಪೂರ್ತಿ ನನ್ನ ಗಂಡನ ಇಲಾಖೆ, ಆದರೆ ಅವರು ವಿವರಿಸಿ ವಿವರಿಸಿ ನನಗೂ ಬಾಯಿಪಾಠ ಆಗಿದೆ. ಬರ್ನಿನಾ ಮಾರ್ಗ ಸೇಂಟ್ ಮೊರಿಟ್ಜ್‌ನಿಂದ ಇಟಲಿಯ ತಿರಾನೋವರೆಗೆ 61 ಕಿಲೋಮೀಟರ್. 1910ರಲ್ಲಿ ಪೂರ್ತಿ ಆಯಿತು. 2008ರಲ್ಲಿ ಪಕ್ಕದ ಆಲ್ಬುಲಾ ಮಾರ್ಗದ ಜೊತೆ ವಿಶ್ವ ಪರಂಪರೆ ಪಟ್ಟಿ ಸೇರಿತು. 2,253 ಮೀಟರ್‌ವರೆಗೆ ಹತ್ತಿ, ಆಚೆ ಕಡೆ 429 ಮೀಟರ್‌ಗೆ ಇಳಿಯುತ್ತದೆ. ನೂರು ಮೀಟರ್ ಮುಂದೆ ಹೋಗುವಷ್ಟರಲ್ಲಿ ಏಳು ಮೀಟರ್ ಏರುವ ಜಾಗಗಳಿವೆ. ಹಲ್ಲಿನ ಹಳಿ ಇಲ್ಲದೆ, ಬರೀ ಚಕ್ರ ಹಳಿಯ ಹಿಡಿತದಲ್ಲೇ ಈ ಏರು. ಅಷ್ಟು ಎತ್ತರ ಇಳಿಯಲು ಜಾಗ ಸಾಲದೆ ಬ್ರೂಸಿಯೋ ಹತ್ತಿರ ರೈಲು ಬಯಲಿನಲ್ಲೇ ಒಂದು ಸುತ್ತು ಹೊಡೆದು ತಾನು ಬಂದ ಸೇತುವೆಯ ಕಮಾನಿನ ಕೆಳಗೇ ನುಸುಳಿ ಹೋಗುತ್ತದೆ.

ಇದಕ್ಕೆ ಎರಡು ಬಗೆಯ ರೈಲುಗಳಿವೆ. ಬರ್ನಿನಾ ಎಕ್ಸ್‌ಪ್ರೆಸ್‌ಗೆ ಚಾವಣಿಯವರೆಗೂ ಗಾಜು, ಸೀಟು ಮೊದಲೇ ಕಾದಿರಿಸಬೇಕು, ಅದಕ್ಕೆ ಬೇರೆ ದುಡ್ಡು. ಅದೇ ಹಳಿ ಮೇಲೆ ಗಂಟೆಗೊಂದರಂತೆ ಸಾಮಾನ್ಯ ರೈಲೂ ಓಡುತ್ತದೆ. ಅದಕ್ಕೆ ಕಾದಿರಿಸುವುದು ಬೇಡ, ಎಲ್ಲಿ ಬೇಕಾದರೂ ಇಳಿದು ಮುಂದಿನದಕ್ಕೆ ಹತ್ತಬಹುದು, ಕಿಟಕಿ ತೆಗೆಯಲು ಬರುವ ಬೋಗಿಗಳೂ ಇರುತ್ತವೆ. ನಾವು ಸಾಮಾನ್ಯ ರೈಲನ್ನೇ ಆರಿಸಿದೆವು. ನನ್ನ ಮಟ್ಟಿಗೆ ಇದರಲ್ಲಿ ಎರಡು ಮಾತೇ ಇಲ್ಲ. ಮೋಡ ಇದ್ದರೆ ಆ ದಿನ ಬಿಟ್ಟು ಮರುದಿನ ಹೋಗಬಹುದು, ಆಲ್ಪ್ ಗ್ರೂಮ್‌ನಲ್ಲಿ ಇಳಿದು ಕಾಫಿ ಕುಡಿದು ಪಾಲ್ಯೂ ಹಿಮನದಿ ನೋಡುತ್ತಾ ಕೂರಬಹುದು. ಮೊದಲೇ ಸೀಟು ಹಿಡಿದಿದ್ದರೆ ಮಳೆ ಬಂದರೂ ಅದೇ ದಿನ ಹೋಗಬೇಕಾಗುತ್ತಿತ್ತು.

ಟಿಕೆಟ್ ಲೆಕ್ಕ ಹಾಕಲು ಒಂದು ಭಾನುವಾರ ಪೂರ್ತಿ ಹೋಯಿತು. ಸ್ವಿಸ್ ಟ್ರಾವೆಲ್ ಪಾಸ್ ದಿನವೂ ಊರಿಂದೂರಿಗೆ ಓಡಾಡುವವರಿಗೆ ಲಾಭ. ಒಂದೇ ಕಣಿವೆಯಲ್ಲಿ ಕೂತು ನಡೆಯುವ ನಮ್ಮಂಥವರಿಗೆ ಅರ್ಧ ದರದಲ್ಲಿ ಟಿಕೆಟ್ ಸಿಗುವ ಹಾಫ್ ಫೇರ್ ಕಾರ್ಡ್ ತಗೊಂಡು, ದೂರದ ಪ್ರಯಾಣದ ದಿನಕ್ಕೆ ಮುಂಚಿತವಾಗಿ, ಒಂದು ದಿನವಿಡೀ ಓಡಾಡಲು ಬರುವ ಸೇವರ್ ಡೇ ಪಾಸ್ ಕೊಳ್ಳುವುದೇ ಕಡಿಮೆ ಖರ್ಚು. ಈ ಡೇ ಪಾಸ್ 6 ತಿಂಗಳ ಮುಂಚಿನಿಂದ ಸಿಗುತ್ತದೆ, ಬೇಗ ಕೊಂಡಷ್ಟೂ ಅಗ್ಗ. ದಕ್ಷಿಣ ಟಿರೋಲ್‌ನಲ್ಲಿ ಇದೂ ಬೇಡ. ಅಲ್ಲಿನ ತುಂಬಾ ವಸತಿಗಳು ಅತಿಥಿಗಳಿಗೆ ಗೆಸ್ಟ್ ಪಾಸ್ ಕೊಡುತ್ತವೆ, ಆ ಪ್ರಾಂತ್ಯದ ಬಸ್ಸು, ಸ್ಥಳೀಯ ರೈಲು ಅದರಲ್ಲೇ ಬರುತ್ತದೆ. ಬುಕ್ ಮಾಡುವಾಗ ಪಾಸ್ ಕೊಡ್ತಾರಾ ಅಂತ ಕೇಳಿಕೊಂಡೇ ಬುಕ್ ಮಾಡಿ. ಇನ್ನೊಂದು ವಿಷಯ, ಮೊದಲನೇ ಮಹಾಯುದ್ಧದವರೆಗೆ ಈ ಪ್ರಾಂತ್ಯ ಆಸ್ಟ್ರಿಯಾಕ್ಕೆ ಸೇರಿತ್ತು. ಊರುಗಳಿಗೆ ಈಗಲೂ ಎರಡೆರಡು ಹೆಸರು. ಬೊಲ್ಜಾನೋ ಅಂದರೂ ಬೋಜೆನ್ ಅಂದರೂ ಒಂದೇ. ಟಿಕೆಟ್ ಹುಡುಕುವಾಗ ಒಂದು ಹೆಸರಲ್ಲಿ ಸಿಗದಿದ್ದರೆ ಇನ್ನೊಂದು ಹಾಕಿ ನೋಡಿ.

ಊಟದ ವಿಷಯಕ್ಕೆ ಸ್ವಲ್ಪ ಜಾಸ್ತಿಯೇ ತಲೆ ಕೆಡಿಸಿಕೊಂಡೆ. ನಾವಿಬ್ಬರೂ ಸಸ್ಯಾಹಾರಿಗಳು. ಶರತ್ಕಾಲ ಅಲ್ಲಿ ಬೇಟೆಯ ಕಾಲ ಕೂಡ, ಹೋಟೆಲ್‌ಗಳ ಮೆನು ತುಂಬಾ ಜಿಂಕೆ ಮಾಂಸ. ಎಂಗಾಡಿನ್‌ನ ಪ್ರಸಿದ್ಧ ಬಾರ್ಲಿ ಸೂಪ್‌ಗೆ ಒಣಮಾಂಸ ಹಾಕುವುದು ವಾಡಿಕೆ, ಕೇಳದೆ ತಗೊಳ್ಳುವಂತಿಲ್ಲ. ಹಾಗಂತ ಉಪವಾಸ ಇರಬೇಕಾಗಿಯೂ ಇಲ್ಲ. ದಕ್ಷಿಣ ಟಿರೋಲ್‌ನಲ್ಲಿ ಪಾಲಕ್ ತುಂಬಿದ ಶ್ಲುಟ್ಸ್‌ಕ್ರಾಪ್‌ಫೆನ್ ಅನ್ನುವ ಕಡುಬು, ಚೀಸ್ ಹಾಕಿದ ಬ್ರೆಡ್ಡಿನ ಉಂಡೆಗಳು ಸಿಗುತ್ತವೆ. ಪೊಸ್ಕಿಯಾವೋ ಮತ್ತು ತಿರಾನೋ ಕಡೆ ಪಿತ್ಸೊಕ್ಕೆರಿ ಅಂತ ಒಂದು ಪಾಸ್ತಾ. ಬಕ್‌ವೀಟ್ ಹಿಟ್ಟಿನದು, ಜೊತೆಗೆ ಆಲೂಗಡ್ಡೆ, ಕೋಸು, ಬೆಣ್ಣೆ, ಚೀಸ್. ಚಳಿಯಲ್ಲಿ ನಡೆದು ಬಂದವರಿಗೆ ಅದಕ್ಕಿಂತ ಒಳ್ಳೆಯ ಊಟ ಇನ್ನೊಂದಿಲ್ಲ.

ಆದರೂ ಪಾಂಟ್ರೆಸಿನಾದಲ್ಲಿ ಅಡುಗೆಮನೆ ಇರುವ ಮನೆಯನ್ನೇ ಬಾಡಿಗೆಗೆ ಹಿಡಿದೆವು. ಅವಲಕ್ಕಿ, ಚಟ್ನಿಪುಡಿ, ಸಾರಿನ ಪುಡಿ, ತೊಗರಿಬೇಳೆ ಪ್ಯಾಕ್ ಮಾಡಿದೆ. ತುಪ್ಪ ಮಾತ್ರ ಬಿಟ್ಟೆ. ಹೊರಗಿನ ದೇಶದಿಂದ ಹಾಲಿನ ಪದಾರ್ಥ, ಮಾಂಸ ಯುರೋಪಿಯನ್ ಒಕ್ಕೂಟಕ್ಕೆ ತರುವಂತಿಲ್ಲ. ಅಲ್ಲಿ ಒಳ್ಳೆಯ ಬೆಣ್ಣೆ ಸಿಗುತ್ತದೆ, ಕಾಯಿಸಿಕೊಂಡರೆ ಆಯಿತು. ಸಣ್ಣ ಊರುಗಳಲ್ಲಿ ಭಾನುವಾರ ಅಂಗಡಿ ಮುಚ್ಚಿರುವುದೇ ಹೆಚ್ಚು. ಶನಿವಾರ ಸಂಜೆಯೇ ತರಕಾರಿ ತಂದಿಟ್ಟುಕೊಳ್ಳಬೇಕು ಅಂತ ಪ್ಲಾನ್‌ನಲ್ಲೇ ಬರೆದಿಟ್ಟಿದ್ದೆವು.

ನಮ್ಮ ದಿನಚರಿಯ ಪಟ್ಟಿಯಲ್ಲಿ ನನಗೆ ತುಂಬಾ ಇಷ್ಟವಾದ ಸಾಲು 'ಮಳೆ ಬಂದರೆ' ಎನ್ನುವುದು. ಪ್ರತಿ ದಿನದ ಎದುರಿಗೆ ಅದೊಂದು ಸಾಲು ಹಾಕಿದ್ದೆವು. ಬೊಲ್ಜಾನೋದಲ್ಲಿ ಬಿಸಿಲಿದ್ದರೆ ಕೇಬಲ್ ಕಾರ್‌ನಲ್ಲಿ ರಿಟ್ಟನ್ ಬೆಟ್ಟ. ಅದು ಊರಿನವರ ಓಡಾಟಕ್ಕೇ ಇರುವ ಕೇಬಲ್ ಕಾರ್ ಆದ್ದರಿಂದ ಅಕ್ಟೋಬರ್‌ನಲ್ಲೂ ನಡೆಯುತ್ತದೆ. ಮೇಲೆ 1907ರಿಂದ ಓಡುತ್ತಿರುವ ಪುಟ್ಟ ರೈಲಿದೆ. ಮಳೆ ಬಂದರೆ ಊರಲ್ಲೇ ಇದ್ದು ಓಟ್ಜಿ ಮ್ಯೂಸಿಯಂ. 1991ರಲ್ಲಿ ಹಿಮದಲ್ಲಿ ಸಿಕ್ಕ 5,000 ವರ್ಷಕ್ಕೂ ಹಳೆಯ ಮನುಷ್ಯನ ದೇಹ ಅಲ್ಲಿದೆ. ಮಾಲ್ಸ್‌ನಿಂದ ಜೆರ್ನೆಟ್ಸ್‌ಗೆ ಹೋಗುವ ದಿನ ಬಿಸಿಲಿದ್ದರೆ 2,149 ಮೀಟರ್‌ನ ಓಫೆನ್ ಘಾಟಿಯಲ್ಲಿ ಇಳಿದು ನಡೆಯುವುದು. ಮಳೆ ಬಂದರೆ ಮ್ಯೂಸ್ಟೈರ್‌ನ ಮಠದಲ್ಲಿ ಇಳಿದು ಸಾವಿರದ ಇನ್ನೂರು ವರ್ಷ ಹಳೆಯ ಗೋಡೆ ಚಿತ್ರಗಳನ್ನು ನಿಧಾನವಾಗಿ ನೋಡುವುದು. ಮಳೆ ಬಂತು. ಆ ಕಣಿವೆಯಲ್ಲಿ ಮಳೆ ಕಡಿಮೆ ಅಂದರೂ ಬರುವುದೇ ಇಲ್ಲ ಅಂತೇನಿಲ್ಲವಲ್ಲ. ಮಠ ನೋಡಿದೆವು. ನನ್ನ ಗಂಡನಿಗೆ ಇಡೀ ಪ್ರವಾಸದಲ್ಲಿ ರೈಲು ಬಿಟ್ಟರೆ ಅತಿ ಹೆಚ್ಚು ಹಿಡಿಸಿದ್ದು ಅದೇ.

ನಡಿಗೆಯ ಲೆಕ್ಕ ಹಾಕುವಾಗ ಬೆಳಕನ್ನು ಮರೆಯಬಾರದು. ಅಕ್ಟೋಬರ್ ಮಧ್ಯದಲ್ಲಿ ಹಗಲು ಸುಮಾರು 11 ಗಂಟೆ. ಆದರೆ ಕಿರಿದಾದ ಕಣಿವೆಯಲ್ಲಿ ಮಧ್ಯಾಹ್ನ ಕಳೆಯುತ್ತಲೇ ಬೆಟ್ಟದ ನೆರಳು ಬಂದುಬಿಡುತ್ತದೆ, ಚಳಿ ಒಮ್ಮೆಗೇ ಏರುತ್ತದೆ. ಬೆಳಿಗ್ಗೆ ಸೊನ್ನೆಗಿಂತ ಕೆಳಗೂ ಹೋಗುತ್ತದೆ, ನೆರಳಿನ ದಾರಿಯಲ್ಲಿ ಮಂಜುಗಡ್ಡೆ ಕಟ್ಟಿರುತ್ತದೆ. ಹಾಗಾಗಿ ಹತ್ತಕ್ಕೆ ಹೊರಟು ನಾಲ್ಕರೊಳಗೆ ವಾಪಸ್ ಅಂತ ಇಟ್ಟುಕೊಂಡೆವು. ಅಲ್ಲಿನ ಹಳದಿ ಕೈಕಂಬಗಳಲ್ಲಿ ದೂರದ ಬದಲು ಸಮಯ ಬರೆದಿರುತ್ತದೆ. ಅದು ಎಲ್ಲೂ ನಿಲ್ಲದೆ ನಡೆದರೆ ಹಿಡಿಯುವ ಸಮಯ. ನಾವು ಫೋಟೋ, ಮಂಡಿಗೆ ವಿಶ್ರಾಂತಿ ಎಲ್ಲ ಸೇರಿಸಿ ಅದರ ಒಂದೂವರೆ ಪಟ್ಟು ಹಿಡಿದೆವು. ಎತ್ತರದ ಬಗ್ಗೆಯೂ ಒಂದು ಮಾತು. ನಮ್ಮ ರಾಜ್ಯದ ಅತಿ ಎತ್ತರದ ಮುಳ್ಳಯ್ಯನಗಿರಿ ಸುಮಾರು 1,930 ಮೀಟರ್. ಪಾಂಟ್ರೆಸಿನಾ ಊರೇ 1,800 ಮೀಟರ್‌ಗೆ ಇದೆ. ಮೊದಲ ದಿನ ಸುಮ್ನೆ ಊರೊಳಗೆ ಓಡಾಡುವುದು ಒಳ್ಳೆಯದು.

ಜೆರ್ನೆಟ್ಸ್‌ನಲ್ಲಿ ಉಳಿದದ್ದು ಸ್ವಿಸ್ ರಾಷ್ಟ್ರೀಯ ಉದ್ಯಾನಕ್ಕಾಗಿ. 1914ರಲ್ಲಿ ಶುರುವಾದ ಉದ್ಯಾನ ಅದು. ಗುರುತು ಹಾಕಿದ ದಾರಿ ಬಿಟ್ಟು ಒಂದು ಹೆಜ್ಜೆಯೂ ಇಡುವಂತಿಲ್ಲ, ನಾಯಿ ಕರೆದೊಯ್ಯುವಂತಿಲ್ಲ. ಅಲ್ಲಿನ ಟ್ರುಪ್‌ಚುನ್ ಕಣಿವೆಯಲ್ಲಿ ಸೆಪ್ಟೆಂಬರ್ ಮಧ್ಯದಿಂದ ಅಕ್ಟೋಬರ್ ಮೊದಲ ಭಾಗದವರೆಗೆ ಗಂಡು ಕೆಂಪು ಜಿಂಕೆಗಳು ಬೆದೆಗೆ ಬಂದು ಗರ್ಜಿಸುತ್ತವೆ. ನಾವು ಹೋದಾಗ ಆ ಕಾಲ ಮುಗಿಯುತ್ತಾ ಬಂದಿತ್ತು. ಆದರೂ ಎದುರಿನ ಇಳಿಜಾರಿನಿಂದ ಒಂದು ಕೂಗು ಬಂತು. ಜಿಂಕೆಯ ಗಂಟಲಿಂದ ಅಷ್ಟು ದಪ್ಪ ದನಿ ಬರುತ್ತದೆ ಅಂತ ಗೊತ್ತಿರಲಿಲ್ಲ. ನಮ್ಮ ಜೊತೆ ಬೆಂಚಿನ ಮೇಲೆ ಕೂತಿದ್ದ ಹಿರಿಯ ದಂಪತಿ ತಮ್ಮ ಬೈನಾಕ್ಯುಲರ್ ನಮ್ಮ ಕೈಗಿಟ್ಟು ಎಲ್ಲಿ ನೋಡಬೇಕು ಅಂತ ಬೆರಳು ತೋರಿಸಿದರು.

ಲಾರ್ಚ್ ನೋಡಲು ಆರಿಸಿದ್ದು ರೊಸೆಗ್ ಕಣಿವೆ. ಪಾಂಟ್ರೆಸಿನಾದಿಂದ 7 ಕಿಲೋಮೀಟರ್, ತೀರಾ ಸೌಮ್ಯ ಏರು. ಹೋಗುವಾಗ ನಡೆದು, ಬರುವಾಗ ಕುದುರೆ ಗಾಡಿ ಅಂತ ಮೊದಲೇ ಗೊತ್ತು ಮಾಡಿದ್ದೆವು, ಇಳಿಜಾರು ಮಂಡಿಗೆ ಬೇಡ ಅಂತ. ಒಂದು ಮರದ ಕೆಳಗೆ ನಿಂತು ಕೊಂಬೆ ಮುಟ್ಟಿ ನೋಡಿದೆ. ಪೈನ್ ಎಲೆಯ ಹಾಗೆ ಚುಚ್ಚುವುದಿಲ್ಲ, ಮೆತ್ತಗೆ. ಒಂದೊಂದು ಸಣ್ಣ ಗಂಟಿನಿಂದ ಹತ್ತಾರು ಎಲೆಗಳು ಕುಂಚದ ಹಾಗೆ ಹೊರಟಿವೆ. ಬುಡದ ಕಡೆ ಇನ್ನೂ ತಿಳಿ ಹಸಿರು, ತುದಿ ಬಂಗಾರ. ಗಾಳಿ ಬೀಸಿದಾಗ ನಮ್ಮ ಟೋಪಿ, ತೋಳು ತುಂಬಾ ಉದುರಿದವು. ಒಂದು ಸಣ್ಣ ಹಕ್ಕಿ ನನ್ನ ಗಂಡನ ಅಂಗೈಗೆ ಬಂದು ಕಾಳು ಎತ್ತಿಕೊಂಡು ಹೋಯಿತು. ಆ ದಾರಿಯ ಹಕ್ಕಿಗಳಿಗೆ ಜನ ಹೊಸಬರಲ್ಲ.

ಮೊರ್ಟೆರಾಚ್‌ನಲ್ಲಿ ಮನಸ್ಸು ಭಾರವಾಯಿತು. ರೈಲು ಇಳಿದು ಹಿಮನದಿಯ ಕಡೆ ನಡೆಯುವ ದಾರಿಯಲ್ಲಿ ಯಾವ ವರ್ಷ ಅದರ ತುದಿ ಎಲ್ಲಿತ್ತು ಅಂತ ಫಲಕಗಳಿವೆ. 19ನೇ ಶತಮಾನದ ಕೊನೆಯಿಂದ ಈಚೆಗೆ ಸುಮಾರು 3 ಕಿಲೋಮೀಟರ್ ಹಿಂದೆ ಸರಿದಿದೆ. ನಾವಿಬ್ಬರೂ ಶಾಲೆಗೆ ಹೋಗುತ್ತಿದ್ದ ಕಾಲದ ಫಲಕ ದಾಟಿದ ಮೇಲೂ ಹಿಮ ಮುಟ್ಟಲು ತುಂಬಾ ದೂರ ನಡೆಯಬೇಕಿತ್ತು. ಯುಂಗ್‌ಫ್ರಾವ್ ಬಿಟ್ಟದ್ದಕ್ಕೆ ಯಾರಾದರೂ ಹಿಮನದಿ ನೋಡಲಿಲ್ಲವಾ ಅಂತ ಕೇಳಿದರೆ ನಾನು ಈ ದಾರಿಯನ್ನೇ ಹೇಳುತ್ತೇನೆ.

ಹಬ್ಬ ತಡವಾಗಿ ಬರುವ ವರ್ಷ ದೀಪಾವಳಿ ಮುಗಿಸಿಯೇ ಹೊರಡಬೇಕಾದವರು ಎಂಗಾಡಿನ್ ಬಿಟ್ಟು ಇನ್ನೂ ಕೆಳಗಿನ ಕಣಿವೆ ಹಿಡಿಯುವುದು ಒಳ್ಳೆಯದು. ನವೆಂಬರ್‌ಗೆ ಮೇಲಿನ ಲಾರ್ಚ್‌ಗಳು ಬಹುಪಾಲು ಬೋಳಾಗಿರುತ್ತವೆ, ಅಕ್ಟೋಬರ್ ಕೊನೆಯ ಭಾನುವಾರ ಗಡಿಯಾರ ಒಂದು ಗಂಟೆ ಹಿಂದೆ ಹೋಗುವುದರಿಂದ ಸಂಜೆ ಐದಕ್ಕೆಲ್ಲ ಕತ್ತಲು. ಮೆರಾನೋ, ಬೊಲ್ಜಾನೋ ಸುತ್ತ ಆಗಲೂ ದ್ರಾಕ್ಷಿ ತೋಟ ಕೆಂಪಾಗಿರುತ್ತದೆ. ರೈತರ ಮನೆಗಳಲ್ಲಿ ಸುಟ್ಟ ಚೆಸ್ಟ್‌ನಟ್, ಹೊಸ ದ್ರಾಕ್ಷಿರಸ ಕೊಡುವ ಟ್ಯೋರ್ಗೆಲೆನ್ ನವೆಂಬರ್ ಕೊನೆಯವರೆಗೂ ನಡೆಯುತ್ತದೆ. ಅದಕ್ಕೆ ಮೊದಲೇ ಫೋನ್ ಮಾಡಿ ಜಾಗ ಹೇಳಿಡಬೇಕು. ಸಸ್ಯಾಹಾರಿಗಳು ಅಂತಲೂ ಆಗಲೇ ಹೇಳಿಬಿಡಿ.